ಗೋಡೆಯ ಚಲನಸಂದು

ಗೋಡೆಯೆಂದರೆ ಅಲುಗದೆ ನಿಂತಿರುವುದು ಎಂದೇ ನಾವೆಲ್ಲ ತಿಳಿದಿದ್ದೇವೆ. ವಾಸ್ತವವಾಗಿ ಅದು ಬಿಸಿಲೇರಿದಾಗ ಹಿಗ್ಗುತ್ತದೆ, ತಂಪಾದಾಗ ಕುಗ್ಗುತ್ತದೆ. ತೇವ ಹೀರಿ ಉಬ್ಬುತ್ತದೆ, ಒಣಗಿ ಸೊರಗುತ್ತದೆ. ಹತ್ತು ಮೀಟರ್ ಉದ್ದದ ಇಟ್ಟಿಗೆಯ ಗೋಡೆಯಲ್ಲಿ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು 2 ಮಿಲಿಮೀಟರ್ ಹಿಗ್ಗಬಯಸುತ್ತದೆ. ಸಿಮೆಂಟ್ ಬ್ಲಾಕಿನ ಗೋಡೆಯಾದರೆ ಸುಮಾರು 3 ಮಿಲಿಮೀಟರ್. ಇಷ್ಟರಿಂದ ಏನಾದೀತು ಎನಿಸಬಹುದು. ಆದರೆ ಗೋಡೆಯ ಬುಡವನ್ನು ತಳಪಾಯ ಬಿಗಿಯಾಗಿ ಹಿಡಿದಿರುತ್ತದೆ. ಇಟ್ಟಿಗೆ, ಗಾರೆಗಳು ಭಾರ ಹೊರುವುದರಲ್ಲಿ ಗಟ್ಟಿ. ಎಳೆತ ತಾಳುವುದರಲ್ಲಿ ಬಹು ದುರ್ಬಲ. ಕುಗ್ಗಲೆಳಸುವ ಗೋಡೆ ಕುಗ್ಗಲಾರದೆ ಸೀಳುತ್ತದೆ. ಸಾಮಾನ್ಯವಾಗಿ ಕಿಟಕಿಯ ಮೂಲೆಯಿಂದ ಓರೆಯಾಗಿ.

ಬಡಗಿಯೊಬ್ಬನು ಕೂಡಿಟ್ಟ ಹಣದಲ್ಲಿ ತಾನೇ ನಿಂತು ಕಾರ್ಯಾಗಾರ ಕಟ್ಟಿಕೊಳ್ಳುತ್ತಾನೆಂದು ಭಾವಿಸೋಣ. ಅಂಥ ಬಿರುಕಿನಿಂದ ಮಳೆನೀರು ಒಳಗಿಳಿದರೆ ಅವನ ಉಳಿ, ಗರಗಸಗಳಿಗೆ ತುಕ್ಕು ಹಿಡಿಯುತ್ತದೆ, ಒಣಗಿಸಿಟ್ಟ ಹಲಗೆ ಸೊಟ್ಟಗಾಗುತ್ತದೆ. ಆದ್ದರಿಂದ ಗೋಡೆ ಎಲ್ಲಿ ಬಿಡಬೇಕೆಂಬುದನ್ನು ಕಟ್ಟುವವನೇ ಮೊದಲು ನಕ್ಷೆಯ ಮೇಲೆ ಗುರುತಿಸಬೇಕು. ಹೀಗೆ ಬೇಕೆಂದೇ ಬಿಡುವ ನೇರವಾದ ತೆರಪಿಗೆ ಚಲನಸಂದು ಎನ್ನಬಹುದು. ರೈಲುಕಂಬಿಗಳ ನಡುವೆ ಬಿಡುತ್ತಿದ್ದ ತೆರಪೂ ಇದೇ ಜಾತಿಯದು.

ಸಾಮಗ್ರಿಯ ಸ್ವಭಾವವನ್ನು ಅರಿಯದೆ ಸಂದನ್ನು ಯೋಜಿಸಲಾಗದು. ಗೂಡಿನಿಂದ ಹೊರಬಂದ ಇಟ್ಟಿಗೆ ಪೂರ್ತಿ ಒಣಗಿರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತ ಮೊದಲು ಬೇಗ, ಅನಂತರ ವರ್ಷಗಟ್ಟಲೆ ನಿಧಾನವಾಗಿ ಹಿಗ್ಗುತ್ತದೆ. ಆ ಹಿಗ್ಗು ಮರಳಿ ಇಳಿಯುವುದಿಲ್ಲ. ಸಿಮೆಂಟ್ ಬ್ಲಾಕಿನದು ಇದಕ್ಕೆ ವಿರುದ್ಧ. ಅದು ಹಸಿಯಾಗಿ ಹುಟ್ಟಿ ಒಣಗುತ್ತ ಕುಗ್ಗುತ್ತದೆ. ಹತ್ತು ಮೀಟರಿಗೆ 3ರಿಂದ 6 ಮಿಲಿಮೀಟರಿನಷ್ಟು ಕುಗ್ಗುವುದುಂಟು. ಇಟ್ಟಿಗೆಯನ್ನು ಕಟ್ಟುವ ಮುನ್ನ ನೀರಿನಲ್ಲಿ ನೆನೆಸುವುದು ಸರಿಯಾದ ಪದ್ಧತಿ. ಅದೇ ರೂಢಿಯಿಂದ ಬ್ಲಾಕುಗಳನ್ನೂ ತೊಯ್ಯಿಸಿ ಕಟ್ಟುವುದು ಮಾತ್ರ ಬಿರುಕಿಗೆ ಆಹ್ವಾನ. ಅವನ್ನು ಹದವಾಗಿ ನೀರುಣಿಸಿ ಗಟ್ಟಿಯಾದ ಮೇಲೆ ಕೆಲವು ವಾರ ಒಣಗಲು ಬಿಟ್ಟು ಬಳಸಬೇಕು. ನಮ್ಮ ಹಿರಿಯರ ಸುಣ್ಣದ ಗಾರೆಗೆ ಇಷ್ಟು ಬಿಗಿತವಿರಲಿಲ್ಲ. ಅದು ಸಣ್ಣಪುಟ್ಟ ಚಲನೆಯನ್ನು ತನ್ನಲ್ಲೇ ಅಡಗಿಸಿಕೊಳ್ಳುತ್ತಿತ್ತು. ಸಿಮೆಂಟು ಹೆಚ್ಚಾದಷ್ಟೂ ಗೋಡೆ ಒಳ್ಳೆಯದೆಂಬ ಇಂದಿನ ನಂಬಿಕೆ ಅಷ್ಟು ಸರಿಯಲ್ಲ.

ಇಟ್ಟಿಗೆಯ ಗೋಡೆಗೆ ಸುಮಾರು 12 ಮೀಟರಿಗೊಂದು, ಬ್ಲಾಕಿನ ಗೋಡೆಗೆ 6 ಮೀಟರಿಗೊಂದು ಸಂದು ಇರಬೇಕೆಂಬುದು ರೂಢಿಯ ಲೆಕ್ಕ. ಮೂಲೆಯಿಂದ ಮೊದಲ ಸಂದಿಗೆ ಇದರ ಅರ್ಧದಷ್ಟೇ ದೂರವಿರಬೇಕು. ನಮ್ಮ ಬಡಗಿಯ ಬ್ಲಾಕಿನ ಕಾರ್ಯಾಗಾರ 12 ಮೀಟರ್ ಉದ್ದ, 6 ಮೀಟರ್ ಅಗಲವೆಂದಿಟ್ಟುಕೊಳ್ಳಿ. ಉದ್ದದ ಗೋಡೆಯಲ್ಲಿ ಎರಡೂ ಮೂಲೆಗಳಿಂದ 3 ಮೀಟರ್ ದೂರಕ್ಕೆ ಒಂದೊಂದು, ಹಿಂದಿನ ಗೋಡೆಯ ನಡುವೆ ಒಂದು. ಮುಂಭಾಗದಲ್ಲಿ ಗೋಡೆಯಷ್ಟೇ ಎತ್ತರದ ಬಾಗಿಲಿದ್ದರೆ ಅದೇ ಸಂದಿನ ಕೆಲಸ ಮಾಡುತ್ತದೆ. ಗೋಡೆಯ ಎತ್ತರವೋ ದಪ್ಪವೋ ಬದಲಾಗುವ ಕಡೆಯಲ್ಲಿಯೂ ಸಂದು ಬೇಕು. ಲಿಂಟಲಿನ ತುದಿ ಸಂದಿನ ಮೇಲೆ ಕೂರುವಂತಾಗಬಾರದು.

ಬ್ಲಾಕಿನ ಗೋಡೆಯ ಸಂದಿಗೆ 10 ಮಿಲಿಮೀಟರ್ ಅಗಲ ಸಾಕು. 12 ಮೀಟರಿಗೊಂದರಂತೆ ಬಿಡುವ ಇಟ್ಟಿಗೆಯ ಸಂದಿಗೆ ಸುಮಾರು 15 ಬೇಕಾಗುತ್ತದೆ. ಇಟ್ಟಿಗೆಯ ಸಂದು ಕಾಲಕ್ರಮದಲ್ಲಿ ಮುಚ್ಚಿಕೊಳ್ಳುವುದರಿಂದ ಅದರಲ್ಲಿ ಸುಲಭವಾಗಿ ಅದುಮಿಕೊಳ್ಳುವ ಮೃದುವಾದ ಫೋಮ್ ಹಾಳೆಯನ್ನೇ ತುಂಬಬೇಕು. ಸಂದಿನ ಬಳಿ ಗೋಡೆಯ ತುದಿಗಳಿಗೆ ಆಸರೆಯಿಲ್ಲವಾದ್ದರಿಂದ ಬಿರುಗಾಳಿಗೆ ಅವು ವಾಲದಂತೆ, ಕೆಲವು ವರಸೆಗಳಿಗೊಮ್ಮೆ ತುಕ್ಕು ಹಿಡಿಯದ ಉಕ್ಕಿನ ಪಟ್ಟಿಗಳನ್ನು ಅಡ್ಡಲಾಗಿ ಇಡಬೇಕು. ಪಟ್ಟಿಯ ಒಂದು ತುದಿ ಗಾರೆಯಲ್ಲಿ ಹೂತಿರಲಿ. ಇನ್ನೊಂದು ಪ್ಲಾಸ್ಟಿಕ್ ಒರೆಯೊಳಗೆ ಜಾರುವಂತಿರಲಿ. ಹೊರಮೈಯನ್ನು ರಬ್ಬರಿನಂತೆ ಹಿಗ್ಗುವ ಲೇಪದಿಂದ ಮುಚ್ಚಿದರೆ ಮಳೆನೀರು ಒಳಗೆ ಬಾರದು. ಬಿಸಿಲಿಗೆ ಅದು ಗಡುಸಾದಾಗ ಕೆರೆದು ತೆಗೆದು ಹೊಸದಾಗಿ ಬಳಿಯಬೇಕು.

ಗಿಲಾವು ಮಾಡುವ ದಿನ ಯಜಮಾನನು ಸ್ಥಳದಲ್ಲಿರುವುದು ಮೇಲು. ಗೋಡೆಯ ನಡುವಿನ ಗೆರೆ ಅಂದಗೇಡೆಂದು ಭಾವಿಸಿ, ಒಂದು ಕರಣೆ ಗಾರೆಯಿಂದ ಅದನ್ನು ಮುಚ್ಚಿಬಿಡುವ ಮೇಸ್ತ್ರಿಗಳಿಗೆ ಕೊರತೆಯಿಲ್ಲ.