ಹೈಸ್ಕೂಲ್ ಮೆಟ್ಟಿಲು ಹತ್ತಿದ ಮಕ್ಕಳಿಗೆ ಯಾವ ದೀನಿ ಪಾಠ?

ಏಳು ವರ್ಷ ತುಂಬಿದ ಮಗುವಿಗೆ ನಮಾಝ್ ಹೇಳಿಕೊಡಿ, ಹತ್ತಕ್ಕೆ ಬಂದಾಗ ಇನ್ನಷ್ಟು ಬಿಗಿ ಮಾಡಿ ಎಂದು ಪ್ರವಾದಿ(ಸ) ಕಲಿಸಿಕೊಟ್ಟಿದ್ದಾರೆ. ಆ ವಯಸ್ಸಿನಲ್ಲಿ ನಮಾಝ್ ಮಗುವಿಗೆ ಅಭ್ಯಾಸವೇ ಹೊರತು ಕಡ್ಡಾಯವಲ್ಲ. ಕಡ್ಡಾಯವಾಗುವುದು ಬಾಲಿಗ್ ಆದ ಮೇಲೆ, ಅಂದರೆ ಪ್ರಾಯಕ್ಕೆ ಬಂದ ಮೇಲೆ. ಅದರ ಲಕ್ಷಣ ಕಾಣದಿದ್ದರೂ ಚಾಂದ್ರಮಾನದ ಲೆಕ್ಕದಲ್ಲಿ 15 ವರ್ಷ ತುಂಬಿತೆಂದರೆ ಬಾಲಿಗ್ ಆದ ಹಾಗೆಯೇ. ಆವತ್ತಿನಿಂದ ನಮಾಝ್, ಉಪವಾಸ, ಹಲಾಲ್-ಹರಾಮ್ ಎಲ್ಲದಕ್ಕೂ ಅಲ್ಲಾಹನ ಮುಂದೆ ಆ ಹುಡುಗ, ಆ ಹುಡುಗಿಯೇ ಜವಾಬ್ದಾರರು. ಶಾಲೆಯ ಲೆಕ್ಕದಲ್ಲಿ ಇದು ಎಂಟು, ಒಂಬತ್ತು, ಹತ್ತನೇ ತರಗತಿ.

ನಮ್ಮ ಮಕ್ಕಳು ಮದ್ರಸ ಬಿಡುವುದೂ ಸರಿಯಾಗಿ ಅದೇ ಹೊತ್ತಿಗೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಯಾವ ಕಡೆ ಹೋದರೂ ಪೋಷಕರ ಮಾತು ಒಂದೇ. "ಹಜ್ರತ್, ಕುರ್‌ಆನ್ ಖತಂ ಆಯ್ತಲ್ಲ, ಇನ್ನೇನಿದೆ?" ಎಂದು ಊರಿನವರು ಕೇಳ್ತಾರೆ. "ಉಸ್ತಾದ್, ಎಸ್ಸೆಸ್ಸೆಲ್ಸಿ ಒಂದು ಮುಗೀಲಿ, ಆಮೇಲೆ ಕಳಿಸ್ತೇವೆ" ಎಂದು ನಮ್ಮ ಬ್ಯಾರಿಗಳು ಹೇಳ್ತಾರೆ. ಎಸ್ಸೆಸ್ಸೆಲ್ಸಿ ಮುಗಿದರೆ ಪಿಯುಸಿ, ಪಿಯುಸಿ ಜೊತೆಗೆ ನೀಟ್, ಸಿಇಟಿ. ಆ "ಆಮೇಲೆ" ಬರೋದೇ ಇಲ್ಲ. ದೀನ್ ಕಡ್ಡಾಯವಾಗುವ ದಿನಕ್ಕೆ ದೀನಿ ಪಾಠ ನಿಂತುಹೋಗಿರುತ್ತದೆ. ಹತ್ತು ವರ್ಷದ ಮಗುವಿಗೆ ಸಾಕಾಗುವಷ್ಟು ಕಲಿತು, ಮೂವತ್ತು ವರ್ಷದವನು ಸಂಸಾರ, ವ್ಯಾಪಾರ ಎಲ್ಲ ನಡೆಸಬೇಕಾಗುತ್ತದೆ.

ಕರಾವಳಿಯಲ್ಲಿ ಇದಕ್ಕೊಂದು ವ್ಯವಸ್ಥೆ ಇದೆ. 1951ರಲ್ಲಿ ಶುರುವಾದ ಸಮಸ್ತ ಕೇರಳ ಇಸ್ಲಾಂ ಮತ ವಿದ್ಯಾಭ್ಯಾಸ ಬೋರ್ಡಿನ ಮದ್ರಸಗಳಲ್ಲಿ 12ನೇ ತರಗತಿವರೆಗೆ ಪಠ್ಯವಿದೆ. 5, 7, 10 ಮತ್ತು 12ನೇ ತರಗತಿಗೆ ಪಬ್ಲಿಕ್ ಪರೀಕ್ಷೆಯೂ ಇದೆ. ಬೇಕರಿ, ಹೋಟೆಲ್ ಎಂದು ಘಟ್ಟ ಹತ್ತಿ ಈ ಊರುಗಳಿಗೆ ಬಂದ ಬ್ಯಾರಿ ಕುಟುಂಬಗಳಿಗೆ ಇಲ್ಲಿ ಆ ಅನುಕೂಲವಿಲ್ಲ. ಮಕ್ಕಳು ಮೊಹಲ್ಲಾದ ಮಸೀದಿಯ ಮಕ್ತಬ್‌ಗೆ ಹೋಗುತ್ತಾರೆ. ಅಲ್ಲಿ ಕಾಯಿದಾ, ನಾಝಿರಾ, ದುಆಗಳು, ಉರ್ದುವಿನ ‘ತಾಲೀಮುಲ್ ಇಸ್ಲಾಂ’ ಕಲಿಸುತ್ತಾರೆ. ಮುಫ್ತಿ ಕಿಫಾಯತುಲ್ಲಾ ದೆಹಲವಿಯವರು ಪ್ರಶ್ನೋತ್ತರ ರೂಪದಲ್ಲಿ ಬರೆದ ಆ ಪುಸ್ತಕ ಒಳ್ಳೆಯ ಅಡಿಪಾಯ. ಆದರೆ ಅಡಿಪಾಯದ ಮೇಲೆ ಗೋಡೆ ಏಳುವ ಹೊತ್ತಿಗೆ ಮಗು ಟ್ಯೂಷನ್‌ನಲ್ಲಿರುತ್ತದೆ.

ಶಾಲೆಯಲ್ಲಿ ಕಲಿಯಲಿ ಎನ್ನುವ ಹಾಗೂ ಇಲ್ಲ. ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಹಾಗಾಗಿ ಈ ಕೆಲಸ ಮನೆಯದ್ದು, ಜಮಾಅತಿನದ್ದು, ನಮ್ಮಂಥ ಮುಅಲ್ಲಿಮರದ್ದು.

ಹಾಗಾದರೆ ಹೈಸ್ಕೂಲ್ ಮಕ್ಕಳಿಗೆ ಏನು ಕಲಿಸಬೇಕು? ಇದಕ್ಕೆ ಚೌಕಟ್ಟು ಹೊಸದಾಗಿ ಹುಡುಕಬೇಕಿಲ್ಲ. ಜಿಬ್ರೀಲ್(ಅ) ಮನುಷ್ಯ ರೂಪದಲ್ಲಿ ಬಂದು ಪ್ರವಾದಿ(ಸ)ಯವರ ಮುಂದೆ ಕುಳಿತು ಇಸ್ಲಾಂ ಏನು, ಈಮಾನ್ ಏನು, ಇಹ್ಸಾನ್ ಏನು ಎಂದು ಕೇಳಿದ ಹದೀಸ್ ನಮಗೆಲ್ಲ ಗೊತ್ತು. ಈಮಾನ್ ಎಂದರೆ ಅಕೀದಾ ಪಾಠ. ಇಸ್ಲಾಂ ಎಂದರೆ ಕರ್ಮಗಳ ಪಾಠ, ಅದೇ ಫಿಕ್‌ಹ್. ಇಹ್ಸಾನ್ ಎಂದರೆ ಅಖ್ಲಾಕ್. ಈ ಮೂರಕ್ಕೂ ಬೇರು ಕುರ್‌ಆನ್ ಮತ್ತು ಹದೀಸ್, ನಡೆದು ತೋರಿಸಿದ ದಾರಿ ಸೀರಾ ಮತ್ತು ಚರಿತ್ರೆ. ಪಾಕಿಸ್ತಾನ, ಗಲ್ಫ್ ಕಡೆಯ ಮಕ್ಕಳು ಬರೆಯುವ ಕೇಂಬ್ರಿಡ್ಜ್ ಓ ಲೆವೆಲ್ ‘ಇಸ್ಲಾಮಿಯಾತ್’ ಪರೀಕ್ಷೆಯಲ್ಲೂ ಹೆಚ್ಚುಕಡಿಮೆ ಇವೇ ಇವೆ: ಕುರ್‌ಆನಿನ ಮುಖ್ಯ ವಿಷಯಗಳು, ಅದರ ಸಂಗ್ರಹದ ಚರಿತ್ರೆ, ಪ್ರವಾದಿ(ಸ)ಯವರ ಜೀವನ, ಹದೀಸ್, ನಾಲ್ವರು ಖಲೀಫರು, ಈಮಾನ್ ಕಾರ್ಯಗಳು, ಇಸ್ಲಾಮಿನ ಸ್ತಂಭಗಳು. ಪಟ್ಟಿ ಸಿಕ್ಕಿತು. ಅದನ್ನು ನಮ್ಮ ಊರಿನ ಮಕ್ಕಳ ಬದುಕಿಗೆ ತಾಗುವ ಹಾಗೆ ಕಲಿಸುವುದು ಮುಖ್ಯ.

ಕುರ್‌ಆನ್: ಅರ್ಥದ ಕಡೆಗೆ

ನಾಝಿರಾ ಮುಗಿಸಿದ ಮಗು ದಿನಕ್ಕೆ ಐದು ಹೊತ್ತು ಸೂರಃ ಫಾತಿಹಾ ಓದುತ್ತದೆ. ಅದರ ಏಳು ವಚನಗಳಲ್ಲಿ ತಾನು ಏನು ಕೇಳಿಕೊಳ್ಳುತ್ತಿದ್ದೇನೆ ಎಂದು ಹೇಳಲು ಬರಬೇಕು. ಹೈಸ್ಕೂಲಿನ ಮೊದಲ ವರ್ಷ ಫಾತಿಹಾ, ಕೊನೆಯ ಹತ್ತು ಸೂರಃಗಳು, ಅತ್ತಹಿಯ್ಯಾತ್, ಇಷ್ಟರ ಅರ್ಥ ಕಲಿತರೂ ನಮಾಝಿನ ರುಚಿಯೇ ಬೇರೆ. ಜೊತೆಗೆ ಅಬೂಬಕ್ಕರ್(ರ) ಕಾಲದಲ್ಲಿ ಝೈದ್ ಬಿನ್ ಸಾಬಿತ್(ರ) ಕುರ್‌ಆನನ್ನು ಒಂದೆಡೆ ಸಂಗ್ರಹಿಸಿದ್ದು, ಉಸ್ಮಾನ್(ರ) ಅದರ ಪ್ರತಿಗಳನ್ನು ಮಾಡಿಸಿ ಊರೂರಿಗೆ ಕಳಿಸಿದ್ದು ತಿಳಿದಿರಬೇಕು. ಮೊಬೈಲಿನಲ್ಲಿ ಯಾರೋ ಏನೋ ಪ್ರಶ್ನೆ ಎತ್ತಿದಾಗ ಮಗು ತಬ್ಬಿಬ್ಬಾಗಬಾರದು.

ಭಾಷೆ ಯಾವುದು? ಮನೆಯಲ್ಲಿ ಬ್ಯಾರಿ, ಮಕ್ತಬ್‌ನಲ್ಲಿ ಉರ್ದು, ಊರಿನ ಹಳೆ ಪುಸ್ತಕದಲ್ಲಿ ಅರಬಿ-ಮಲಯಾಳಂ. ಮಗು ಸಲೀಸಾಗಿ ಓದಿ ಬರೆಯುವುದು ಕನ್ನಡದಲ್ಲಿ. ಅರ್ಥ, ವಿವರಣೆ ಕನ್ನಡದಲ್ಲೇ ಆಗಲಿ. ಉರ್ದು ಮನೆಯ ಮಕ್ಕಳಿಗೂ ಈಗ ಇದೇ ಹಗುರ.

ಫಿಕ್‌ಹ್: ಪ್ರಾಯದ ಪಾಠ, ಮದ್‌ಹಬಿನ ಪಾಠ

ಗುಸ್ಲ್ ಯಾವಾಗ ಕಡ್ಡಾಯ, ಹೈಝ್ ದಿನಗಳಲ್ಲಿ ಬಿಟ್ಟ ಉಪವಾಸವನ್ನು ಹೇಗೆ ಪೂರೈಸಬೇಕು, ಬಿಟ್ಟ ನಮಾಝಿನ ಕಥೆ ಏನು, ಇದೆಲ್ಲ ಹತ್ತು ವರ್ಷದ ಮಗುವಿಗೆ ಹೇಳುವ ಪಾಠವಲ್ಲ, ಹದಿಮೂರಕ್ಕೆ ಬಿಟ್ಟುಬಿಡುವ ಪಾಠವೂ ಅಲ್ಲ. ಹೆಣ್ಣುಮಕ್ಕಳಿಗೆ ಇದನ್ನು ಹೇಳಲು ಮಹಿಳಾ ಶಿಕ್ಷಕಿಯೇ ಬೇಕು. ಹೈಸ್ಕೂಲ್ ತರಗತಿ ಶುರು ಮಾಡುವ ಜಮಾಅತ್ ಮೊದಲು ಹುಡುಕಬೇಕಾದದ್ದು ಒಬ್ಬ ಕಲಿತ ಸಹೋದರಿಯನ್ನು.

ಇನ್ನೊಂದು, ನಮ್ಮ ಮಕ್ಕಳಿಗೇ ಹೆಚ್ಚು ತಾಗುವ ವಿಷಯ. ಕರಾವಳಿಯ ಬ್ಯಾರಿಗಳು ಶಾಫಿಈಗಳು, ಇಲ್ಲಿನ ಜಮಾಅತ್‌ಗಳು ಹನಫಿ. ಮನೆಯ ಮೊಬೈಲ್ ಆ್ಯಪ್‌ನಲ್ಲಿ ಅಸರ್ ಆಗಿರುತ್ತದೆ, ಮಸೀದಿಯಲ್ಲಿ ಇನ್ನೂ ಬಾಂಗ್ ಆಗಿರುವುದಿಲ್ಲ. ಊರಲ್ಲಿ ಸುಬ್‌ಹಿಗೆ ಕುನೂತ್ ಓದುತ್ತಾರೆ, ಇಲ್ಲಿ ಓದುವುದಿಲ್ಲ. ಚನ್ನಪಟ್ಟಣದ ಗೊಂಬೆ ಕಾರ್ಖಾನೆಯಲ್ಲಿ ಉಳಿ ತಾಗಿ ಬೆರಳಿಂದ ರಕ್ತ ಹರಿದರೆ ಹನಫಿಗೆ ವುಝೂ ಮುರಿಯಿತು, ಶಾಫಿಈಗೆ ಮುರಿಯಲಿಲ್ಲ. ತೊಡುವ ಒಡವೆಗೂ ಹನಫಿಯಲ್ಲಿ ಝಕಾತ್ ಇದೆ. ಶಾಫಿಈಯಲ್ಲಿ ವಾಡಿಕೆಯ ಮಿತಿಯೊಳಗೆ ಹೆಂಗಸರು ತೊಡುವ ಒಡವೆಗೆ ಇಲ್ಲ.

ಇದನ್ನು ಯಾರೂ ಬಿಡಿಸಿ ಹೇಳದಿದ್ದರೆ ಮಗುವಿಗೆ ಎರಡೇ ದಾರಿ: ಊರಿನವರದ್ದು ತಪ್ಪು ಎನ್ನುವುದು, ಇಲ್ಲವೇ ಉಪ್ಪನದ್ದು ತಪ್ಪು ಎನ್ನುವುದು. ಎರಡೂ ಅಲ್ಲ ಎಂದು ತೋರಿಸುವುದಕ್ಕೆ ಇಮಾಮರ ಚರಿತ್ರೆಯೇ ಸಾಕು. ಇಮಾಮ್ ಅಬೂಹನೀಫಾ ತೀರಿಕೊಂಡ ಹಿಜ್ರಿ 150ರಲ್ಲೇ ಇಮಾಮ್ ಶಾಫಿಈ ಹುಟ್ಟಿದರು. ಶಾಫಿಈ ಮದೀನಾದಲ್ಲಿ ಇಮಾಮ್ ಮಾಲಿಕ್ ಅವರ ಶಿಷ್ಯ. ಆಮೇಲೆ ಇರಾಕಿನಲ್ಲಿ ಅಬೂಹನೀಫಾರ ಶಿಷ್ಯ ಇಮಾಮ್ ಮುಹಮ್ಮದ್ ಅವರ ಬಳಿ ಕಲಿತರು. ಇಮಾಮ್ ಅಹ್ಮದ್ ಬಿನ್ ಹಂಬಲ್ ಶಾಫಿಈಯವರಿಂದ ಕಲಿತರು. ಇದು ಗುರು-ಶಿಷ್ಯರ ಒಂದೇ ಮನೆ. ಇದನ್ನು ತಿಳಿದ ಹುಡುಗ ಹನಫಿ ಇಮಾಮರ ಹಿಂದೆ ಸಮಾಧಾನದಿಂದ ನಿಲ್ಲುತ್ತಾನೆ, ಊರಿಗೆ ಹೋದಾಗ ಕುನೂತ್‌ಗೂ ಆಮೀನ್ ಹೇಳುತ್ತಾನೆ.

ವ್ಯವಹಾರ: ಗೂಡಿನ ಮಾರುಕಟ್ಟೆಯಲ್ಲಿ ದೀನ್

ಫಿಕ್‌ಹ್ ಎಂದರೆ ವುಝೂ, ನಮಾಝ್ ಅಷ್ಟೇ ಎಂದುಕೊಂಡವರು ಒಮ್ಮೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ನೋಡಬೇಕು. ರೈತರು ಗೂಡು ತಂದು ಸುರಿಯುತ್ತಾರೆ, ರೀಲರ್‌ಗಳು ಹರಾಜಿನಲ್ಲಿ ಬೆಲೆ ಕಟ್ಟುತ್ತಾರೆ. ರೀಲರ್‌ಗಳಲ್ಲಿ ಬಹಳ ಮಂದಿ ನಮ್ಮ ಸಮುದಾಯದವರು. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಏರಿಸಲೆಂದೇ ಕೂಗುವುದನ್ನು ಹದೀಸ್ ನಿಷೇಧಿಸಿದೆ, ಅದಕ್ಕೆ ‘ನಜಶ್’ ಎಂದು ಹೆಸರು. ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿ(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿ, ಕೆಳಗಿದ್ದ ಒದ್ದೆ ಕಾಳನ್ನು ಹೊರಗೆ ತೆಗೆದು, ಇದು ಜನರಿಗೆ ಕಾಣುವಂತೆ ಮೇಲಿರಬೇಕಿತ್ತಲ್ಲ ಎಂದು ವ್ಯಾಪಾರಿಯನ್ನು ಎಚ್ಚರಿಸಿದರು. ತೂಕದಲ್ಲಿ ಮೋಸ ಮಾಡುವವರ ಬಗ್ಗೆ ಸೂರಃ ಅಲ್-ಮುತಫ್ಫಿಫೀನ್ ಎಂಬ ಒಂದು ಸೂರಃವೇ ಇದೆ. ರೀಲರ್ ಮನೆಯ ಹುಡುಗನಿಗೆ ಈ ಪಾಠ ಪುಸ್ತಕದ್ದಲ್ಲ, ನಾಳೆ ಬೆಳಗಿನದ್ದು.

ಸಾಲದ ಪಾಠ ಇನ್ನೂ ಅಗತ್ಯ. 2009ರ ಹೊತ್ತಿಗೆ ರಾಮನಗರ, ಕೋಲಾರ, ಶಿಡ್ಲಘಟ್ಟ, ಮೈಸೂರುಗಳಲ್ಲಿ ಮೈಕ್ರೋ ಫೈನಾನ್ಸ್ ಸಾಲದ ದೊಡ್ಡ ಬಿಕ್ಕಟ್ಟಾಯಿತು. ಸಾಲ ಪಡೆದವರಲ್ಲಿ ಮುಸ್ಲಿಂ ಹೆಂಗಸರು ಬಹಳ ಇದ್ದರು, ರೇಷ್ಮೆ ಕೆಲಸ ನಂಬಿದ ಮನೆಗಳೂ ಇದ್ದವು. ಕೆಲವೆಡೆ ಸ್ಥಳೀಯ ಸಮಿತಿಗಳು ಕಂತು ಕಟ್ಟಬೇಡಿ ಎಂದು ಹೇಳಿದವು. ವಸೂಲಿ ಕಿರುಕುಳ ಮುಂದೆಯೂ ನಿಲ್ಲದೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಡ್ಡಿ ಹರಾಮ್ ಎಂಬ ಒಂದು ವಾಕ್ಯ ಎಲ್ಲರಿಗೂ ಗೊತ್ತು. ಆದರೆ ಸಾಲದ ಬಗ್ಗೆ ದೀನ್ ಹೇಳಿದ್ದು ಅದೊಂದೇ ಅಲ್ಲ. ಕುರ್‌ಆನಿನ ಅತಿ ಉದ್ದದ ವಚನ, ಸೂರಃ ಅಲ್-ಬಕರಃದ 282ನೆಯದು, ಸಾಲವನ್ನು ಸಾಕ್ಷಿ ಸಮೇತ ಬರೆದಿಡುವ ಬಗ್ಗೆ ಇದೆ. ಕಷ್ಟದಲ್ಲಿರುವ ಸಾಲಗಾರನಿಗೆ ಸಮಯ ಕೊಡಬೇಕೆಂದು 280ನೇ ವಚನ ಹೇಳುತ್ತದೆ. ಇನ್ನೊಂದು ಕಡೆ, ಕೆಲವು ದೀನಾರ್ ಸಾಲ ಉಳಿಸಿ ತೀರಿಕೊಂಡವನ ಜನಾಝ ನಮಾಝಿಗೆ ಪ್ರವಾದಿ(ಸ) ಮುಂದಾಗಲಿಲ್ಲ, ಅಬೂಖತಾದ(ರ) ಆ ಸಾಲ ತಾನು ವಹಿಸಿಕೊಂಡ ಮೇಲೆ ನಮಾಝ್ ಮಾಡಿದರು. ಕೊಟ್ಟವನ ಕರ್ತವ್ಯ, ಪಡೆದವನ ಕರ್ತವ್ಯ ಎರಡನ್ನೂ ಒಂಬತ್ತನೇ ತರಗತಿಯಲ್ಲೇ ಕಲಿತ ಹುಡುಗಿ, ನಾಳೆ ಗುಂಪು ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಎರಡು ಸಲ ಯೋಚಿಸುತ್ತಾಳೆ.

ಅಕೀದಾ, ಹದೀಸ್, ಚರಿತ್ರೆ

ಆರು ಈಮಾನ್ ಕಾರ್ಯಗಳನ್ನು ಚಿಕ್ಕ ಮಗು ಬಾಯಿಪಾಠ ಹೇಳುತ್ತದೆ. ಹೈಸ್ಕೂಲ್ ಮಗು ಪ್ರಶ್ನೆ ಕೇಳುತ್ತದೆ: ಎಲ್ಲ ವಿಧಿಯಾದರೆ ನಾನು ಓದೋದು ಯಾಕೆ? ಒಳ್ಳೆಯವರಿಗೆ ಕಷ್ಟ ಯಾಕೆ? ಇಂಥ ಪ್ರಶ್ನೆಗೆ ಗದರಬಾರದು. ಕಳುಹಿಸಿದ್ದು ಶೈತಾನ್ ಎಂದು ಬಾಯಿ ಮುಚ್ಚಿಸಿದರೆ ಮಗು ಉತ್ತರವನ್ನು ಬೇರೆ ಕಡೆ ಹುಡುಕುತ್ತದೆ.

ಹದೀಸ್‌ಗೆ ಇಮಾಮ್ ನವವಿಯವರ ‘ಅರ್‌ಬಈನ್’ ಸಾಕು. ಹೆಸರಿಗೆ ನಲವತ್ತು, ಇರುವುದು 42 ಹದೀಸ್. ತಿಂಗಳಿಗೆ ಎರಡರಂತೆ ಕಲಿತರೆ ಮೂರು ವರ್ಷದೊಳಗೆ ಆರಾಮವಾಗಿ ಮುಗಿಯುತ್ತದೆ. ಅಖ್ಲಾಕ್ ಪಾಠವೂ ಅದರೊಳಗೇ ಇದೆ: ನಿಯ್ಯತ್, ಕೋಪ, ನೆರೆಹೊರೆ, ಬೇಡದ ವಿಷಯಕ್ಕೆ ತಲೆ ಹಾಕದಿರುವುದು. ವಾಟ್ಸಾಪ್‌ನಲ್ಲಿ ಬಂದದ್ದೆಲ್ಲ ಮುಂದಕ್ಕೆ ಕಳುಹಿಸುವ ಕಾಲದಲ್ಲಿ ಮುಹದ್ದಿಸರು ಒಂದು ಮಾತನ್ನು ಯಾರು ಯಾರಿಂದ ಕೇಳಿದರು ಎಂದು ಹೇಗೆ ಪರೀಕ್ಷಿಸುತ್ತಿದ್ದರು ಎಂಬುದನ್ನೂ ಹೇಳಿಕೊಡಬೇಕು.

ಚರಿತ್ರೆ 622ರ ಹಿಜ್ರಾ, ಮದೀನಾದ ಒಪ್ಪಂದ, 632ರಿಂದ 661ರವರೆಗಿನ ನಾಲ್ವರು ಖಲೀಫರು ಎಂದು ಶುರುವಾಗಲಿ, ಆದರೆ ಅಲ್ಲಿಗೇ ನಿಲ್ಲಬಾರದು. ಟಿಪ್ಪು ಸುಲ್ತಾನರ ಧಾರ್ಮಿಕ ಗುರುಗಳ ಸಮಾಧಿ ಚನ್ನಪಟ್ಟಣದಲ್ಲೇ ಇದೆ. ಅರಗು ಬಳಿದ ಗೊಂಬೆಗಳ ಕಸುಬನ್ನೂ ಜನ ಟಿಪ್ಪು ಕಾಲಕ್ಕೇ ಸೇರಿಸಿ ಹೇಳುತ್ತಾರೆ. ಕಡಲ ವ್ಯಾಪಾರದೊಂದಿಗೆ ಬೆಳೆದ ಬ್ಯಾರಿಗಳ ಕಥೆಯನ್ನು ಘಟ್ಟದ ಮೇಲೆ ಹುಟ್ಟಿದ ನಮ್ಮ ಮಕ್ಕಳು ಕೇಳಬೇಕು. ತನ್ನ ಊರಿನ ಚರಿತ್ರೆ ಗೊತ್ತಿದ್ದವನು ಇಲ್ಲಿ ಬಾಡಿಗೆದಾರನ ಹಾಗೆ ಬದುಕುವುದಿಲ್ಲ.

ಸಮಯ ಎಲ್ಲಿದೆ?

ಇದೆ. ಶನಿವಾರ ಶಾಲೆ ಬೆಳಗ್ಗೆಯೇ ಮುಗಿಯುತ್ತದೆ. ಝುಹರ್ ಆದ ಮೇಲೆ ಒಂದು ಗಂಟೆ, ಭಾನುವಾರ ಬೆಳಗ್ಗೆ ಒಂದು ಗಂಟೆ. ವಾರಕ್ಕೆ ಎರಡು ಗಂಟೆಯಂತೆ ವರ್ಷಕ್ಕೆ 40 ವಾರ ಹಿಡಿದರೆ 80 ಗಂಟೆ, ಮೂರು ವರ್ಷಕ್ಕೆ 240 ಗಂಟೆ. ಕುರ್‌ಆನ್ ಅರ್ಥ ಮತ್ತು ತಜ್‌ವೀದ್‌ಗೆ 60, ಫಿಕ್‌ಹ್ ಮತ್ತು ವ್ಯವಹಾರಕ್ಕೆ 60, ಹದೀಸ್ ಮತ್ತು ಅಖ್ಲಾಕ್‌ಗೆ 45, ಸೀರಾ ಮತ್ತು ಚರಿತ್ರೆಗೆ 45, ಅಕೀದಾಕ್ಕೆ 30. ಹತ್ತನೇ ತರಗತಿಯವರಿಗೆ ಜನವರಿಯಿಂದ ಪರೀಕ್ಷೆ ಮುಗಿಯುವವರೆಗೆ ರಜೆ ಕೊಟ್ಟರೂ ಎಂಟು, ಒಂಬತ್ತರಲ್ಲಿ ಬಹುಪಾಲು ಮುಗಿದಿರುತ್ತದೆ. ಇದಕ್ಕೆ ಹೊಸ ಕಟ್ಟಡ ಬೇಡ, ಮಸೀದಿಯ ಮಹಡಿ ಸಾಕು. ಒಬ್ಬ ಉಸ್ತಾದ್, ಒಬ್ಬ ಶಿಕ್ಷಕಿ, ಒಂದು ಬೋರ್ಡು, ಕನ್ನಡ ನೋಟ್ಸು. ವರ್ಷಕ್ಕೊಂದು ಬರವಣಿಗೆಯ ಪರೀಕ್ಷೆ ಇರಲಿ, ಪರೀಕ್ಷೆ ಇದ್ದರೆ ಮನೆಯವರೂ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಓದುಗರಲ್ಲಿ ನಮ್ಮ ಮನವಿ ಇಷ್ಟೇ. ಇವತ್ತು ರಾತ್ರಿ ಊಟ ಆದ ಮೇಲೆ ಹೈಸ್ಕೂಲ್ ಓದುವ ಮಗನನ್ನೋ ಮಗಳನ್ನೋ ಹತ್ತಿರ ಕೂರಿಸಿಕೊಳ್ಳಿ. ಫಾತಿಹಾದ ಅರ್ಥ ಹೇಳು ಎನ್ನಿ. ಗುಸ್ಲ್ ಯಾವಾಗ ಕಡ್ಡಾಯ ಎಂಬುದನ್ನು ಮಗನಿಗೆ ಉಪ್ಪ ಕೇಳಲಿ, ಮಗಳಿಗೆ ಉಮ್ಮ ಕೇಳಲಿ. ನಾವು ಶಾಫಿಈ, ಪಕ್ಕದ ಮನೆಯವರು ಹನಫಿ ಯಾಕೆ ಎಂದು ಕೇಳಿ. ಸಾಲ ಪಡೆದವನ ಕರ್ತವ್ಯ ಏನು ಎಂದು ಕೇಳಿ. ಉತ್ತರ ಬಂದರೆ ಅಲ್‌ಹಮ್ದುಲಿಲ್ಲಾಹ್. ಬಾರದಿದ್ದರೆ ಬಯ್ಯಬೇಡಿ, ಮುಂದಿನ ಶನಿವಾರ ಝುಹರ್‌ಗೆ ಮಗುವನ್ನು ಕರೆದುಕೊಂಡು ಮಸೀದಿಗೆ ಬನ್ನಿ. ನಿಮ್ಮ ಮೊಹಲ್ಲಾದಲ್ಲಿ ಹೈಸ್ಕೂಲ್ ಮಕ್ಕಳಿಗೆ ತರಗತಿ ಇಲ್ಲ ಎಂದಾದರೆ ಇನ್ನೂ ನಾಲ್ಕು ಪೋಷಕರನ್ನು ಜೊತೆಗೆ ಕರೆತನ್ನಿ. ಐದು ಮಕ್ಕಳು ಸೇರಿದರೆ ಒಂದು ತರಗತಿ ಆಯಿತು.