ನೀರು ಗಂಜಿಯಾಗುವ ಕೆಲಸ

ಹಳೇಬೀಡು ದಾಟಿ ಜಾವಗಲ್ ಮೇಲೆ ಅರಸೀಕೆರೆಯತ್ತ ಹೊರಟರೆ ತೆಂಗಿನ ತೋಟಗಳು ದಟ್ಟವಾಗುತ್ತವೆ. ಎಳನೀರು ಕೇಳಿದರೆ ಮಾರುವವರು ಮಚ್ಚು ಎತ್ತುವ ಮೊದಲು ಕೇಳುತ್ತಾರೆ: ಬರೀ ನೀರಿರಬೇಕೋ, ಗಂಜಿಯೂ ಇರಬೇಕೋ? ಆ ನೀರು ಗಂಜಿಯಾಗುವುದರ ಹಿಂದೆ ಜೀವಲೋಕದ ಅತ್ಯಂತ ನಾಜೂಕಾದ ಕುಶಲ ಕೆಲಸವಿದೆ. ಅದನ್ನು ಮಾಡುವುದು ಕೋಶಪೊರೆ.

ತೀರ ಎಳೆಯ ಕಾಯಿಯೊಳಗೆ ಇರುವುದು ಒಂದೇ ಒಂದು ಭಾರಿ ಕೋಶ. ಅದರಲ್ಲಿ ಕೋಶಕೇಂದ್ರಗಳು ಮತ್ತೆ ಮತ್ತೆ ಇಬ್ಭಾಗವಾಗಿ ಎಣಿಕೆಗೆ ಸಿಗದಷ್ಟು ಹೆಚ್ಚುತ್ತವೆ. ಆದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಗೋಡೆಯಿಲ್ಲ, ಪೊರೆಯಿಲ್ಲ. ಕಾಯಿಗೆ ಸುಮಾರು ಆರು ತಿಂಗಳಾದಾಗ, ಕಣ್ಣುಗಳಿರುವ ತುದಿಯಲ್ಲಲ್ಲ, ಅದರ ಎದುರು ತುದಿಯಲ್ಲಿ, ಚಿಪ್ಪಿನ ಒಳಮೈಗೆ ಅಂಟಿಕೊಂಡು ಕೆಲಸ ಶುರುವಾಗುತ್ತದೆ. ಪುಟ್ಟ ಪುಟ್ಟ ಪೊರೆಚೀಲಗಳು ಎರಡು ಕೇಂದ್ರಗಳ ನಡುವೆ ಸಾಲುಗಟ್ಟಿ ಒಂದರೊಳಗೊಂದು ಬೆರೆಯುತ್ತವೆ. ನಡುವೆ ಕೋಶಭಿತ್ತಿ ಮೂಡುತ್ತದೆ. ಒಂದೇ ಆಗಿದ್ದದ್ದು ಲೆಕ್ಕವಿಲ್ಲದಷ್ಟು ಕೋಶಗಳಾಗುತ್ತದೆ. ನಾವು ಕೆರೆದು ತಿನ್ನುವ ಗಂಜಿ ಇದೇ. ಹನ್ನೆರಡನೇ ತಿಂಗಳ ಹೊತ್ತಿಗೆ ಕಾಯಿ ಪೂರ್ತಿ ಬಲಿತಿರುತ್ತದೆ.

ಈ ಪೊರೆ ಎಷ್ಟು ತೆಳುವೆಂದರೆ, ಲಕ್ಷಕ್ಕೂ ಹೆಚ್ಚು ಪೊರೆಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಮಿಲಿಮೀಟರ್ ದಪ್ಪ ಬಂದೀತು. ಇದು ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಅಣುಗಳಿಂದ ಆದದ್ದು. ಅಣುವಿನ ತಲೆಗೆ ನೀರೆಂದರೆ ಇಷ್ಟ, ಎರಡು ಬಾಲಗಳಿಗೆ ಆಗದು. ನೀರಿಗೆ ಬಿದ್ದ ಕೂಡಲೇ ಇವು ಬಾಲಗಳನ್ನು ಒಳಗೆ ಮಾಡಿಕೊಂಡು, ತಲೆಗಳನ್ನು ಎರಡೂ ಬದಿಗೆ ಚಾಚಿ ಜೋಡಿಪದರವಾಗಿ ನಿಲ್ಲುತ್ತವೆ. ಯಾರೂ ಹೊಲಿಯಬೇಕಿಲ್ಲ, ಹರಿದರೂ ತಾನೇ ಕೂಡಿಕೊಳ್ಳುತ್ತದೆ. 1925ರಲ್ಲಿ ಡಚ್ ವಿಜ್ಞಾನಿಗಳಾದ ಗಾರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಕೊಬ್ಬನ್ನು ತೆಗೆದು ನೀರಿನ ಮೇಲೆ ಹರಡಿ ಅಳೆದು, ಪೊರೆಗೆ ಎರಡು ಪದರವಿದೆ ಎಂದು ತೋರಿಸಿದರು.

ಚಳಿಗಾಲದ ಬೆಳಿಗ್ಗೆ ನಮ್ಮ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಪೊರೆ ಹಾಗೆ ಹೆಪ್ಪುಗಟ್ಟಿದರೆ ಕೋಶ ಬದುಕದು. ಅದಕ್ಕೇ ತೆಂಗು ಕೂಡಿಡಲು ಒಂದು ಬಗೆಯ ಕೊಬ್ಬನ್ನೂ ಪೊರೆ ಕಟ್ಟಲು ಇನ್ನೊಂದು ಬಗೆಯದನ್ನೂ ಬಳಸುತ್ತದೆ. ಪೊರೆಯ ಕೊಬ್ಬಿನಲ್ಲಿ ಕೊಂಕಿದ ಬಾಲಗಳು ಹೆಚ್ಚು. ಕೊಂಕಿರುವುದರಿಂದ ಅವು ಒತ್ತಾಗಿ ಕೂರಲಾರವು, ಜಾರುತ್ತ ಹರಿದಾಡುತ್ತಲೇ ಇರುತ್ತವೆ. ಅವುಗಳ ನಡುವೆ ಪ್ರೋಟೀನುಗಳು ತೇಲುತ್ತವೆ. ಈ ಚಿತ್ರವನ್ನು ಸಿಂಗರ್ ಮತ್ತು ನಿಕೋಲ್ಸನ್ 1972ರಲ್ಲಿ ಕೊಟ್ಟರು.

ಬೇಲೂರಿನ ಚೆನ್ನಕೇಶವ ಗುಡಿಯ ಜಾಲಂಧ್ರಗಳನ್ನು ನೋಡಿದವರಿಗೆ, ತಡೆಯುತ್ತಲೇ ಒಳಬಿಡುವ ಗೋಡೆ ಎಂದರೇನೆಂದು ಹೇಳಬೇಕಿಲ್ಲ. ಪೊರೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ: ಅದು ಬಂದವರ ಗುರುತು ಹಿಡಿದು ಬಿಡುತ್ತದೆ. ನೀರಿಗೇ ಮೀಸಲಾದ ಪ್ರೋಟೀನ್ ನಾಲೆಯನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು. ಎಳನೀರಿನಲ್ಲಿ ಹೇರಳವಾಗಿರುವ ಪೊಟ್ಯಾಶಿಯಂ ಮಣ್ಣಿನಿಂದ ಮರದೊಳಗೆ ಬಂದದ್ದೂ ಬೇರಿನ ಕೋಶಪೊರೆ ದಾಟಿಯೇ. ಅಲ್ಲಿನ ಪಂಪುಗಳು ಶಕ್ತಿ ಖರ್ಚು ಮಾಡಿ ಹೈಡ್ರೋಜನ್ ಅಯಾನುಗಳನ್ನು ಹೊರದೂಡುತ್ತವೆ. ಆಗ ಉಂಟಾಗುವ ವಿದ್ಯುತ್ ಸೆಳೆತಕ್ಕೆ ಪೊಟ್ಯಾಶಿಯಂ ತನ್ನ ದಾರಿಯಲ್ಲಿ ಒಳಬರುತ್ತದೆ. ಲವಣ ಹೋದ ಕಡೆ ನೀರು ಅಭಿಸರಣೆಯಿಂದ ಹಿಂಬಾಲಿಸುತ್ತದೆ.

ಬಲಿತ ಕಾಯಿಯ ಕೋಶದೊಳಗೆ ಎಣ್ಣೆ ಹನಿಹನಿಯಾಗಿ ಕೂತಿರುತ್ತದೆ. ಪ್ರತಿ ಹನಿಗೂ ಹೊದಿಕೆಯಿದೆ, ಆದರೆ ಇಲ್ಲಿ ಒಂದೇ ಪದರ: ತಲೆ ಹೊರಗೆ ನೀರಿನ ಕಡೆ, ಬಾಲ ಒಳಗೆ ಎಣ್ಣೆಯ ಕಡೆ. ಇಷ್ಟು ಚೊಕ್ಕವಾದ ಲೆಕ್ಕಾಚಾರವನ್ನು ನಾನು ಬೇರೆಲ್ಲೂ ಕಂಡಿಲ್ಲ. ತುರಿದು ರುಬ್ಬಿ ಹಿಂಡಿದಾಗ ಕೋಶಗಳು ಒಡೆದು ಈ ಹನಿಗಳು ಹೊರಬಂದು ನೀರಿನಲ್ಲಿ ತೇಲುತ್ತವೆ. ಕಾಯಿಹಾಲಿನ ಬಿಳುಪು ಅವುಗಳದ್ದೇ. ಹಾಲನ್ನು ಕಾಯಿಸಿದರೆ ಹೊದಿಕೆಯ ಪ್ರೋಟೀನು ಕೆಟ್ಟು, ಹನಿಗಳು ಒಂದಾಗಿ ಎಣ್ಣೆ ಬಿಡುತ್ತದೆ.

ಅರಸೀಕೆರೆಯ ಉಂಡೆ ಕೊಬ್ಬರಿ ಇನ್ನೊಂದು ದಾರಿ. ಬೇಲೂರಿಗಿಂತ ಇಲ್ಲಿ ಮಳೆ ಕಡಿಮೆ, ಗಾಳಿ ಒಣ. ರೈತರು ಬಲಿತ ಕಾಯಿಗಳನ್ನು ಮಟ್ಟೆ ಸಮೇತ ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಬಿಡುತ್ತಾರೆ. ಒಳಗಿನ ನೀರು ನಿಧಾನಕ್ಕೆ ಆರುತ್ತದೆ, ಕಾಯಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ, ಅಲುಗಿಸಿದರೆ ಸದ್ದಾಗುತ್ತದೆ. ಹಸಿ ಕಾಯಿಯ ತೂಕದಲ್ಲಿ ಹತ್ತಿರಹತ್ತಿರ ಅರ್ಧ ನೀರು. ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ಅದು ಶೇ. 6-7ಕ್ಕೆ ಇಳಿದಿರುತ್ತದೆ. ಜೋಡಿಪದರವನ್ನು ಜೋಡಿಯಾಗಿ ನಿಲ್ಲಿಸಿದ್ದು ನೀರೇ. ನೀರು ಹೋದರೆ ಪೊರೆಯ ಕಟ್ಟು ಸಡಿಲವಾಗುತ್ತದೆ, ಎಣ್ಣೆಹನಿಗಳು ತೇಲಲು ನೀರೂ ಉಳಿಯುವುದಿಲ್ಲ. ಹಸಿ ಕಾಯಿ ಹಿಂಡಿದರೆ ಹಾಲು ಬರುವುದು, ಕೊಬ್ಬರಿ ಗಾಣಕ್ಕೆ ಹಾಕಿದರೆ ನೇರವಾಗಿ ಎಣ್ಣೆಯೇ ಬರುವುದು ಈ ಕಾರಣಕ್ಕೆ.

ಈ ಸೀಮೆಯ ವಿಜ್ಞಾನ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಕೋಶಪೊರೆಯ ಪಾಠದ ದಿನ ಬರೀ ನೀರಿನ ಕಾಯಿ, ಆಗತಾನೇ ಗಂಜಿ ಕಟ್ಟಿದ ಕಾಯಿ, ಬಲಿತ ಕಾಯಿ, ಒಂದು ಉಂಡೆ ಕೊಬ್ಬರಿ ತರಿಸಿ. ಮಕ್ಕಳ ಮುಂದೆಯೇ ಸೀಳಿ. ಗಂಜಿ ಮೊದಲು ಯಾವ ತುದಿಯಲ್ಲಿ ಕಟ್ಟಿದೆ ಎಂದು ಅವರೇ ಹುಡುಕಲಿ.