ಉದ್ರಿ ಪುಸ್ತಕವೂ ಊರಾಚೆಯ ನಂಬಿಕೆಯೂ

ಗುರುತು ಪರಿಚಯ ಇಲ್ಲದವರೂ ತನಗೆ ಮೋಸ ಮಾಡಲಿಕ್ಕಿಲ್ಲ ಎಂಬ ಎಣಿಕೆಯನ್ನು ಸಮಾಜಶಾಸ್ತ್ರ ಸಾಮಾಜಿಕ ನಂಬಿಕೆ ಎಂದು ಕರೆಯುತ್ತದೆ. 1981ರಲ್ಲಿ ಶುರುವಾದ ವಿಶ್ವ ಮೌಲ್ಯಗಳ ಸಮೀಕ್ಷೆ ಇದನ್ನು ಒಂದು ಪ್ರಶ್ನೆಯಿಂದ ಅಳೆಯುತ್ತದೆ: ಬಹುಪಾಲು ಜನರನ್ನು ನಂಬಬಹುದೇ, ಇಲ್ಲವೇ ಎಲ್ಲರೊಡನೆ ಹುಷಾರಾಗಿರಬೇಕೇ? ನಾರ್ವೆ, ಡೆನ್ಮಾರ್ಕ್‌ಗಳಲ್ಲಿ 100ಕ್ಕೆ 70ಕ್ಕೂ ಹೆಚ್ಚು ಮಂದಿ ನಂಬಬಹುದು ಎನ್ನುತ್ತಾರೆ. ಫಿಲಿಪೀನ್ಸ್, ಕೊಲಂಬಿಯಾಗಳಲ್ಲಿ ಹಾಗೆನ್ನುವವರು 10 ಮಂದಿಯೂ ಇಲ್ಲ. ಸಿರಿವಂತ ದೇಶಗಳು ಮೇಲೆ, ಬಡ ದೇಶಗಳು ಕೆಳಗೆ. ಪಟ್ಟಿ ಹೆಚ್ಚುಕಡಿಮೆ ಹೀಗೇ ಇಳಿಯುತ್ತ ಹೋಗುತ್ತದೆ.

ತುಮಕೂರು ತಾಲ್ಲೂಕಿನ ಹೋಬಳಿ ಕೇಂದ್ರ ಬೆಳ್ಳಾವಿಯಲ್ಲಿ ನಿಂತು ನೋಡಿದರೆ ಈ ಪಟ್ಟಿಯ ಬಗ್ಗೆ ಅನುಮಾನ ಹುಟ್ಟುತ್ತದೆ. ಅಲ್ಲಿನ ದಿನಸಿ ಅಂಗಡಿಯೊಂದರ ಗಲ್ಲಾದ ಮೇಲೆ ಎರಡು ವಸ್ತುಗಳು ಅಕ್ಕಪಕ್ಕ ಕೂತಿವೆ. ಒಂದು, ಫೋನಿನಲ್ಲಿ ದುಡ್ಡು ಬಿದ್ದ ಕೂಡಲೇ ಇಷ್ಟು ರೂಪಾಯಿ ಬಂತೆಂದು ಕನ್ನಡದಲ್ಲಿ ಕೂಗುವ ಪುಟ್ಟ ಸ್ಪೀಕರ್. ಇನ್ನೊಂದು, ರಟ್ಟಿನ ಮೂಲೆಗಳು ಸವೆದುಹೋದ ಉದ್ದನೆಯ ಉದ್ರಿ ಪುಸ್ತಕ. ಪುಸ್ತಕದಲ್ಲಿ ಪೂರ್ತಿ ಹೆಸರುಗಳಿಲ್ಲ. ಮೂಲೆಮನೆ, ಟೈಲರ್, ತೋಟದ ಮನೆ ಅಜ್ಜಿ ಎಂದಿದೆ. ಅದರ ಕೆಳಗೆ ಸಕ್ಕರೆ, ಅರ್ಧ ಲೀಟರ್ ಎಣ್ಣೆ, ಒಂದು ಸೋಪು. ಸಹಿ ಇಲ್ಲ, ಸಾಕ್ಷಿ ಇಲ್ಲ, ಬಡ್ಡಿಯೂ ಇಲ್ಲ. ಡೈರಿಯಲ್ಲಿ ಹಾಲಿನ ಬಟವಾಡೆ ಆದಾಗ, ಕೊಬ್ಬರಿ ಮಾರಿ ಕೈಗೆ ಕಾಸು ಬಂದಾಗ ಲೆಕ್ಕ ಚುಕ್ತಾ ಆಗುತ್ತದೆ. ಆ ಸಾಲಿನ ಮೇಲೊಂದು ಅಡ್ಡಗೀಟು ಬೀಳುತ್ತದೆ.

ಪರಿಚಯದವರಿಗೆ ಪುಸ್ತಕ, ಪರಿಚಯ ಇಲ್ಲದವರಿಗೆ ಸ್ಪೀಕರ್. ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಬಂದ ಹೊರರಾಜ್ಯದ ಹುಡುಗನಿಗೆ ಇಂಥ ಪುಸ್ತಕದಲ್ಲಿ ಸುಲಭಕ್ಕೆ ಜಾಗ ಸಿಗದು. ಅವನ ದುಡ್ಡು ಬಂತೆಂದು ಸ್ಪೀಕರ್ ಕೂಗಿದ ಮೇಲೆಯೇ ಸಾಮಾನಿನ ಚೀಲ ಅವನ ಕೈಗೆ. ಸಮೀಕ್ಷೆಯ ಪ್ರಶ್ನೆ ಎಡವುವುದು ಇಲ್ಲಿಯೇ. ‘ಬಹುಪಾಲು ಜನ’ ಎಂದರೆ ಯಾರು? 51 ದೇಶಗಳ ಉತ್ತರಗಳನ್ನು ತೂಗಿನೋಡಿದ 2011ರ ಒಂದು ಅಧ್ಯಯನದ ಪ್ರಕಾರ, ಸಿರಿವಂತ ದೇಶಗಳಲ್ಲಿ ಈ ಮಾತು ಅಪರಿಚಿತರವರೆಗೂ ಹರಡಿಕೊಳ್ಳುತ್ತದೆ; ಬೇರೆ ಹಲವು ಕಡೆ ನೆಂಟರು, ನೆರೆಹೊರೆಯವರಲ್ಲೇ ನಿಂತುಬಿಡುತ್ತದೆ.

ಅಳತೆಗೋಲಿನ ಮೇಲಿನ ಅನುಮಾನಕ್ಕೆ ಪರ್ಸುಗಳ ಪ್ರಯೋಗ ಇನ್ನೂ ಒಳ್ಳೆಯ ಉದಾಹರಣೆ. 2019ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕಾಗಿ 40 ದೇಶಗಳ 355 ನಗರಗಳಲ್ಲಿ 17,303 ಪರ್ಸುಗಳನ್ನು ಬ್ಯಾಂಕು, ಅಂಚೆ ಕಚೇರಿ, ಹೋಟೆಲು, ಪೊಲೀಸ್ ಠಾಣೆಗಳ ಸಿಬ್ಬಂದಿಯ ಕೈಗೆ ‘ಬೀದಿಯಲ್ಲಿ ಸಿಕ್ಕಿತು’ ಎಂದು ಕೊಡಲಾಯಿತು. ಒಳಗಿದ್ದುದು ಒಂದು ಬೀಗದ ಕೈ, ಸಾಮಾನಿನ ಚೀಟಿ, ಇಮೇಲ್ ವಿಳಾಸವಿದ್ದ ಕಾರ್ಡುಗಳು; ಕೆಲವುಗಳಲ್ಲಿ ಮಾತ್ರ ಹಣ. ಹಣ ಇಲ್ಲದ ಪರ್ಸುಗಳಲ್ಲಿ ಶೇ 40ರಷ್ಟು ವಾರಸುದಾರರಿಗೆ ಸುದ್ದಿ ಮುಟ್ಟಿದರೆ, ಹಣ ಇದ್ದವುಗಳಲ್ಲಿ ಅದು ಶೇ 51ಕ್ಕೆ ಏರಿತು. ದುಡ್ಡು ಹೆಚ್ಚಿದಷ್ಟೂ ಪ್ರಾಮಾಣಿಕತೆ ಹೆಚ್ಚಿತು! ಸ್ವಿಟ್ಜರ್‌ಲೆಂಡ್, ನಾರ್ವೆ ಪಟ್ಟಿಯ ತುದಿಯಲ್ಲಿದ್ದವು, ಚೀನಾ ತಳದಲ್ಲಿತ್ತು. ಆದರೆ ಇಮೇಲ್ ಬರೆದವರನ್ನಷ್ಟೇ ಪ್ರಾಮಾಣಿಕರೆಂದು ಎಣಿಸಲಾಗಿತ್ತು. ಚೀನಾದಲ್ಲಿ ಪ್ರಯೋಗವನ್ನು ಮತ್ತೆ ನಡೆಸಿ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಇಮೇಲ್ ಕಳಿಸಿದವರು ಕಾಲುಭಾಗದಷ್ಟೇ. ಆದರೆ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಪರ್ಸುಗಳು ಜೋಪಾನವಾಗಿದ್ದವು, ಕೇಳಿದಾಗ ವಾಪಸು ಸಿಕ್ಕವು. ನಮ್ಮ ಊರುಗಳಲ್ಲೂ ಸಿಕ್ಕ ವಸ್ತುವನ್ನು ಡ್ರಾಯರಿನಲ್ಲಿಟ್ಟು, ಕಳಕೊಂಡವರು ಕೇಳಿಕೊಂಡು ಬರುತ್ತಾರೆಂದು ಕಾಯುವುದೇ ರೂಢಿ. ಅದನ್ನು ಅಪ್ರಾಮಾಣಿಕತೆಯ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ.

ಹತ್ತಿರದವರ ನಡುವಿನ ನಂಬಿಕೆ ಈ ಸೀಮೆಗೆ ಹೊಸದೇನಲ್ಲ. ತುಮಕೂರು ಕಡೆಯ ಕೆರೆಗಳಲ್ಲಿ ತೂಬು ಎತ್ತುವ ಅಧಿಕಾರ ನೀರುಗಂಟಿಯದಾಗಿತ್ತು. ಅಚ್ಚುಕಟ್ಟಿನ ಯಾವ ಗದ್ದೆಗೆ ಯಾವ ಹೊತ್ತಿನಲ್ಲಿ ಎಷ್ಟು ನೀರು ಎಂಬುದನ್ನು ಅವನೇ ನೋಡಿಕೊಳ್ಳುತ್ತಿದ್ದ. ಸುಗ್ಗಿ ಮುಗಿದಾಗ ರೈತರು ಕಣದಲ್ಲೇ ಅವನಿಗೆ ಆಯ ಅಳೆದುಕೊಡುತ್ತಿದ್ದರು. ಹಲವು ಕಡೆ ಈ ಕೆಲಸ ದಲಿತ ಕುಟುಂಬಗಳದಾಗಿತ್ತು. ಬೆಳೆಯ ಅಳಿವು ಉಳಿವನ್ನೇ ಅವನ ಕೈಗೆ ಒಪ್ಪಿಸಿದ ಊರು ತನ್ನ ಸೇದುವ ಬಾವಿಯ ಹತ್ತಿರ ಅವನನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಹಳೆಯ ಊರಿನ ನಂಬಿಕೆಯನ್ನು ಹೊಗಳುವವರು ಇದನ್ನು ಮರೆಯಬಾರದು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ವಂಶಪಾರಂಪರ್ಯದ ಹುದ್ದೆಗಳು ಹೋದವು. ಮುಂದೆ ಕೊಳವೆಬಾವಿ ಬಂತು; ನೀರಿಗಾಗಿ ಇನ್ನೊಬ್ಬರನ್ನು ನಂಬುವ ಅಗತ್ಯವೇ ಉಳಿಯಲಿಲ್ಲ. ಒಬ್ಬರಿಗಿಂತ ಒಬ್ಬರು ಆಳಕ್ಕೆ ಕೊರೆಸಿದರು, ಅಂತರ್ಜಲ ಕೆಳಗಿಳಿಯಿತು, ಕೊರೆಸಿದ ಸಾಲ ಉಳಿಯಿತು. ನಂಬಿಕೆ ಕಳೆದುಹೋದದ್ದಕ್ಕೆ ತೆರುವ ಬೆಲೆ ಹೀಗೆ ಅಡಿಗಳಲ್ಲೂ ರೂಪಾಯಿಗಳಲ್ಲೂ ಕಾಣುತ್ತದೆ.

ಪರಿಚಯದ ನಂಬಿಕೆಗೆ ಸಂಸ್ಥೆಯ ರೂಪ ಕೊಟ್ಟ ದೊಡ್ಡ ಪ್ರಯತ್ನ ಸಹಕಾರ ಚಳವಳಿ. ಜರ್ಮನಿಯ ಬಡ ರೈತರ ನಡುವೆ ರೈಫೈಸೆನ್ 19ನೇ ಶತಮಾನದಲ್ಲಿ ಕಟ್ಟಿದ ಪತ್ತಿನ ಸಂಘಗಳಲ್ಲಿ ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆ. ಆದ್ದರಿಂದ ಒಬ್ಬರನ್ನೊಬ್ಬರು ಬಲ್ಲವರಷ್ಟೇ ಸದಸ್ಯರು. ಭಾರತದಲ್ಲಿ 1904ರ ಸಹಕಾರ ಕಾಯ್ದೆಯ ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆ ಬಗೆಯ ಸಂಘ ಕಟ್ಟಿದರು. ಪತ್ತು ಎಂಬ ಮಾತಿಗೆ ಸಾಲ ಎಂಬಂತೆ ನಂಬಿಕೆ ಎಂಬ ಅರ್ಥವೂ ಇದೆ.

ಸಮೀಕ್ಷೆಯ ಪಟ್ಟಿಯನ್ನು ನೋಡಿ ಸಿರಿವಂತ ದೇಶದವರು ಹುಟ್ಟಿನಿಂದಲೇ ಒಳ್ಳೆಯವರೆಂದು ಹೇಳಲಾಗದು. ಅಲ್ಲಿ ಮೋಸಹೋದವರ ಬೆನ್ನಿಗೆ ವಿಮೆಯಿದೆ, ಕೋರ್ಟಿದೆ, ಕೆಲಸ ಹೋದರೆ ಭತ್ಯೆಯಿದೆ. ನಂಬಿ ಕೆಟ್ಟರೂ ಮರುದಿನದ ಊಟಕ್ಕೆ ತೊಂದರೆ ಇಲ್ಲ. ಎರಡು ಎಕರೆ ರಾಗಿ ಹೊಲದವನಿಗೆ ಒಂದೇ ಮೋಸ ಮೂರು ವರ್ಷದ ದುಡಿಮೆಯನ್ನು ನುಂಗಬಲ್ಲದು; ಅವನ ಹುಷಾರಿಗೆ ತಕ್ಕ ಕಾರಣವಿದೆ. ಇತ್ತ ಸಂಪತ್ತೊಂದೇ ನಂಬಿಕೆಯನ್ನು ಹಿಡಿದಿಡುವುದಿಲ್ಲ. ಅಮೆರಿಕದಲ್ಲಿ 1972ರಲ್ಲಿ ಶೇ 46ರಷ್ಟಿದ್ದ ನಂಬಿಕೆ 2018ಕ್ಕೆ ಶೇ 34ಕ್ಕೆ ಇಳಿಯಿತು.

ಅಪರಿಚಿತರನ್ನು ನಂಬಲು ಬೇಕಾದ ಆಸರೆಗಳಲ್ಲಿ ಸರ್ಕಾರಿ ಕಚೇರಿಯೂ ಒಂದು; ಅದರ ಮೇಲಿನ ನಂಬಿಕೆಯನ್ನು ಕಟ್ಟಲು ಕರ್ನಾಟಕ ಇಟ್ಟ ಗಟ್ಟಿ ಹೆಜ್ಜೆ ‘ಭೂಮಿ’ ಯೋಜನೆ. ಈ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗ್ರಾಮಲೆಕ್ಕಿಗರ ಕೈಬರಹದಿಂದ ಕಂಪ್ಯೂಟರಿಗೆ ಬಂದವು; 15 ರೂಪಾಯಿ ಕೊಟ್ಟರೆ ಯಾರಿಗಾದರೂ ನಕಲು ಸಿಗುತ್ತಿತ್ತು. ಇಂದು ಬೆಳ್ಳಾವಿಯ ರೈತರಿಗೆ ಪಹಣಿ ತೆಗೆಸಲು ಯಾರ ಪರಿಚಯವೂ ಬೇಡ. ಖಾತೆ ಬದಲಾವಣೆಗೋ ಪೋಡಿಗೋ ತುಮಕೂರಿಗೆ ಹೊರಟಾಗ ಮಾತ್ರ, ‘ಅಲ್ಲಿ ನಮ್ಮೋರು ಯಾರಾದ್ರೂ ಇದಾರಾ?’ ಎಂದು ಕೇಳಿಕೊಂಡೇ ಈಗಲೂ ಬಸ್ ಹತ್ತುತ್ತಾರೆ.